ಇಪ್ಪತ್ತೇಳನೆಯ ಕಟ್ಟು

ಗಾದೆಪ್ಪನಿಗೆ ಜಾಮೀನುದಾರರು ಇರಲಿಲ್ಲ. ಅವನೇನೂ ಕಳ್ಳತನ ಮಾಡಿ ಸಿಕ್ಕಿಬಿದ್ದಿರಲಿಲ್ಲ. ಕೊಟ್ಟೂರಿನ ಲೈಬ್ರರಿಯಿಂದ ಪುಸ್ತಕ ಹೊರಗೆ ಒಯ್ಯಲು ಕಾರ್ಡು ಬೇಕಿತ್ತು. ಕಾರ್ಡಿಗೆ ಊರಿನಲ್ಲಿ ಸ್ವಂತ ಮನೆಯಿದ್ದು ಕಂದಾಯ ಕಟ್ಟುವ ಒಬ್ಬರ ಸಹಿ ಬೇಕಿತ್ತು. ಅವನ ಅಪ್ಪ ಕಾನಹೊಸಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ಅಪ್ಪನ ಗುಡಿಸಲಿಗೆ ಕಂದಾಯವೂ ಇರಲಿಲ್ಲ, ನಂಬರೂ ಇರಲಿಲ್ಲ. ಕಾಲೇಜಿಗೆಂದು ಅವನಿದ್ದ ಸರ್ಕಾರಿ ಹಾಸ್ಟೆಲ್ಲಿನ ಉಳಿದ ಹುಡುಗರ ಹಣೆಬರಹವೂ ಅದೇ. ೧೯೭೯ರ ಜೂನಿನಿಂದ ನಾಲ್ಕು ತಿಂಗಳು ಅವರೆಲ್ಲ ಲೈಬ್ರರಿಯ ಬೆಂಚಿನ ಮೇಲೆ ಕೂತೇ ಓದಿದರು. ಆದರೆ ಅಲ್ಲಿ ಕಣ್ಣಿಗೆ ಬಿದ್ದ, ಕನ್ನಡಕ್ಕೆ ಬಂದ ಒಂದು ರಷ್ಯನ್ ಕಾದಂಬರಿ ಬೆಂಚಿನ ಮೇಲೆ ಮುಗಿಯುವಂಥದ್ದಲ್ಲ. ಐನೂರ ಹನ್ನೆರಡು ಪುಟ.

ಜಾಮೀನು ಸಿಕ್ಕಿದ್ದು ಯಾರೂ ಎಣಿಸದ ಕಡೆಯಿಂದ. ಹಾಸ್ಟೆಲ್ಲಿನ ಅಡುಗೆಯ ಹಂಪಕ್ಕನಿಗೆ ಹಿಂದಿನ ಓಣಿಯಲ್ಲಿ ಎರಡಂಕಣದ ಮನೆಯಿತ್ತು. ಗಂಡ ಸತ್ತ ಮೇಲೆ ಕಂದಾಯದ ರಸೀದಿ ಅವಳ ಹೆಸರಿಗೇ ಬರುತ್ತಿತ್ತು.

"ಅಕ್ಕ, ಬರೇ ಒಂದು ಹೆಬ್ಬೆಟ್ಟು," ಎಂದು ಗಾದೆಪ್ಪ ಕೇಳಿದ.

"ಓದಾಕ ಹೆಬ್ಬೆಟ್ಟು ಬೇಕಾತೇನಲೇ? ತಗ, ನನ್ನ ಹತ್ರ ಇರೋ ಓದು ಅದೊಂದಾ," ಎಂದು ಅವಳು ನಕ್ಕಳು.

ಲೈಬ್ರರಿಯನ್ ಕೊಟ್ರಬಸಪ್ಪ ಅವಳನ್ನು ಕನ್ನಡಕದ ಮೇಲಿಂದ ನೋಡಿದರು. "ತಿಳಕಂಡು ಒತ್ತಮ್ಮ. ಪುಸ್ತಕ ಹಾಳಾದ್ರ ನಿಮ್ಮ ಇಲಾಖೆಗೆ ಕಾಗದ ಹೋಗ್ತೈತಿ."

ಆ ಮಾತಿಗೆ ತೂಕವಿತ್ತು. ಹಂಪಕ್ಕ ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಖಾಯಂ ಆಗುವವರ ಪಟ್ಟಿ ಆ ವರ್ಷ ಬಳ್ಳಾರಿಗೆ ಹೋಗುವುದಿತ್ತು. ಅದು ಇತ್ಯರ್ಥವಾಗುವ ತನಕ ನಿನ್ನ ಮೇಲೆ ಒಂದು ಚೀಟಿಯೂ ಬರಬಾರದು ಎಂದು ವಾರ್ಡನ್ ಬೊಮ್ಮಪ್ಪ ಎರಡು ಸಲ ಹೇಳಿದ್ದರು. ಹಾಗಿದ್ದೂ ಅವಳು ಒತ್ತಿದಳು. ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ಒಲೆಯ ಮುಂದೆ ಹೋಗಿ ಕೂತಳು.

ಪುಸ್ತಕಕ್ಕೆ ಹದಿನಾಲ್ಕು ದಿನದ ಗಡುವು. ಓದುವವರು ಆರು ಜನ. ಗಾದೆಪ್ಪನ ಪಕ್ಕದ ಚಾಪೆಯ ಪಕ್ಕೀರಪ್ಪ ಅದನ್ನು ಕೈಯಲ್ಲಿ ತೂಗಿ ನೋಡಿದ.

"ಇದನ್ನ ಬಿಚ್ಚಿಬಿಡಾಣಲೇ. ನೀನು ಚಪ್ಪಲಿ ಹೊಲಿಯೋರ ಮಗ ಅದಿ, ಮತ್ತ ಹೊಲಿದ್ರಾತು."

ಬೇರೆ ಯಾರು ಹಾಗೆಂದಿದ್ದರೂ ಗಾದೆಪ್ಪ ಹೊಡೆಯುತ್ತಿದ್ದ. ಪಕ್ಕೀರಪ್ಪ ಅನ್ನಬಹುದಿತ್ತು. ಟ್ರಂಕಿನಿಂದ ಅಪ್ಪ ಚರ್ಮ ಕೊಯ್ಯುತ್ತಿದ್ದ ಹಳೆಯ ರಂಪಿಗೆ ತೆಗೆದು, ಅಡುಗೆಮನೆಯ ಕಟ್ಟೆಯ ಮೇಲೆ ಕೂತು, ಅದರ ಅಲಗಿನಿಂದ ಪುಸ್ತಕದ ಬೆನ್ನಿನ ದಾರ ಕೊಯ್ದ. ದಪ್ಪ ಪುಸ್ತಕವನ್ನು ಹದಿನಾರು ಹದಿನಾರು ಪುಟದ ಕಟ್ಟು ಮಾಡಿ ಹೊಲಿದಿರುತ್ತಾರೆ. ಮೂವತ್ತೆರಡು ಕಟ್ಟು ಬಿಡಿಯಾದವು.

"ಯಾಕಲೇ ಕೋಳಿ ಕೊಯ್ದಂಗ ಕೊಯ್ತಿ?" ಹಂಪಕ್ಕ ಬಾಗಿಲಿಂದ ಕೇಳಿದಳು.

"ಆರು ಮಂದಿಗೆ ಒಂದಾ ಕೋಳಿ ಅಕ್ಕ," ಎಂದ ಪಕ್ಕೀರಪ್ಪ.

ಓದು ಸಾಲಾಗಿ ನಡೆಯಿತು. ಮುಂದಿನವನು ಮುಗಿಸಿದ ಕಟ್ಟು ಹಿಂದಿನವನಿಗೆ. ಪಕ್ಕೀರಪ್ಪ ಎಲ್ಲರಿಗಿಂತ ಮುಂದಿದ್ದ. ಕಾರ್ಡು ತನ್ನದು, ಕಟ್ಟುಗಳೆಲ್ಲ ತನ್ನ ಟ್ರಂಕಿಗೇ ಬಂದು ಸೇರಲಿ ಎಂದು ಗಾದೆಪ್ಪ ಕೊನೆಗೆ ನಿಂತ. ಮೊದಲೆರಡು ದಿನ ಹೆಸರುಗಳು ಕಾಡಿದವು.

"ಈ ರಷ್ಯಾದಾಗ ಒಬ್ಬನಿಗೆ ಮೂರು ಹೆಸರು," ಎಂದು ಪಕ್ಕೀರಪ್ಪ ಬೈದ. "ನಮ್ಮ ಕೊಟ್ಟೂರಾಗ ಮುನ್ನೂರು ಮಂದಿಗೆ ಒಂದಾ ಹೆಸರು. ಇದಾ ಚಲೋ."

ಆಮೇಲೆ ಹೆಸರು ಮರೆತುಹೋದವು, ಮನುಷ್ಯರು ಉಳಿದರು. ಧಣಿಯ ಬಾಗಿಲಲ್ಲಿ ಟೊಪ್ಪಿಗೆ ತೆಗೆದು ಕಾಯುವ ಆಳು, ಹಸಿದುಕೊಂಡು ಓದುವ ಹುಡುಗ, ಕುಡಿದು ಬಂದು ಅಳುವ ಅಪ್ಪ. ಚಳಿಯೊಂದನ್ನು ಬಿಟ್ಟರೆ ಅದರಲ್ಲಿ ಅವರಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ. ಕಾಲೇಜಿನ ಪಠ್ಯದಲ್ಲಿ ಈ ಜನ ಒಬ್ಬರೂ ಇರಲಿಲ್ಲ.

ಕಥೆ ಇಷ್ಟು: ಒಬ್ಬ ಬಡ ಗುಮಾಸ್ತ ಧಣಿಯ ಬಂಗಾರದ ಗಡಿಯಾರ ಕದಿಯುತ್ತಾನೆ. ಗುಮಾನಿ ಆ ಮನೆಯ ಮುದಿ ಕೆಲಸದವಳ ಮೇಲೆ ಬೀಳುತ್ತದೆ. ಅವಳನ್ನು ಹಿಮದ ನಾಡಿಗೆ ಗಡೀಪಾರು ಮಾಡಲು ಕೋರ್ಟು ಕೂತರೂ ಗುಮಾಸ್ತ ಸುಮ್ಮನಿರುತ್ತಾನೆ. ಇನ್ನೂರು ಪುಟ ಸುಮ್ಮನಿರುತ್ತಾನೆ. ಬೆಳಿಗ್ಗೆ ಒಲೆಯ ಹತ್ತಿರ ಕೂತು ಹಂಪಕ್ಕನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ ಪಕ್ಕೀರಪ್ಪ ಪುಟಕ್ಕೇ ಬೈಯುತ್ತಿದ್ದ.

"ಹೇಳಲೇ ಬೇಕೂಫ! ಬಾಯಾಗೇನು ಕಡುಬು ತುರುಕ್ಯಂಡೀಯಾ?"

"ಅವ ಹೇಳಾಂಗಿಲ್ಲ ಬಿಡೋ," ಎಂದಳು ಹಂಪಕ್ಕ ರೊಟ್ಟಿ ತಿರುವುತ್ತ.

"ಯಾಕಕ್ಕ?"

"ಓದಿದಾವ ಹೌದಲ್ಲ?"

ಹನ್ನೊಂದನೆಯ ದಿನ ಲೈಬ್ರರಿಯ ಬಾಗಿಲಿಗೆ ನೋಟಿಸು ಬಿತ್ತು. ಬಳ್ಳಾರಿಯಿಂದ ಸಾಹೇಬರು ತಪಾಸಣೆಗೆ ಬರುತ್ತಾರೆ, ಹೊರಗಿರುವ ಪುಸ್ತಕವೆಲ್ಲ ನಾಳೆ ಹನ್ನೆರಡರೊಳಗೆ ವಾಪಸು ಬರಬೇಕು. ಆ ಹೊತ್ತಿಗೆ ಗಾದೆಪ್ಪ ಇಪ್ಪತ್ತಾರನೆಯ ಕಟ್ಟು ಮುಗಿಸಿದ್ದ. ಗುಮಾಸ್ತ ಕೋರ್ಟಿನ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತಿದ್ದ.

ಸಂಜೆ ಕಟ್ಟುಗಳನ್ನೆಲ್ಲ ಸೇರಿಸಿ ಎಣಿಸಿದರು. ಮೂವತ್ತೊಂದು. ಮತ್ತೆ ಎಣಿಸಿದರು. ಇಪ್ಪತ್ತೇಳನೆಯದು ಇರಲಿಲ್ಲ. ಚಾಪೆ ಕೊಡವಿದರು, ಟ್ರಂಕು ಬೋರಲು ಹಾಕಿದರು. ಎಲ್ಲರೂ ಅದನ್ನು ಓದಿದ್ದರು, ಗಾದೆಪ್ಪನೊಬ್ಬನನ್ನು ಬಿಟ್ಟು. ಕೊನೆಗೆ ಪಕ್ಕೀರಪ್ಪನ ಮುಖ ಕಪ್ಪಿಟ್ಟಿತು. ಹಂಪಕ್ಕನಿಗೆ ಓದಿ ಹೇಳಲೆಂದು ಅದನ್ನು ಮತ್ತೆ ಇಸಿದುಕೊಂಡಿದ್ದವನು ಅವನು. ಅಂದು ಬೆಳಿಗ್ಗೆ ಬೆಲ್ ಹೊಡೆದಾಗ ಅಡುಗೆಮನೆಯ ಬುಟ್ಟಿಯ ಮೇಲೆ ಇಟ್ಟು ಓಡಿದ್ದ. ಅದು ಒಲೆ ಹಚ್ಚುವ ರದ್ದಿಯ ಬುಟ್ಟಿ.

"ಜಡಿಮಳಿಗೆ ಕಟಿಗಿ ಹಸಿಯಾಗಿದ್ವು," ಎಂದಳು ಹಂಪಕ್ಕ. "ಮ್ಯಾಲಿಂದು ತಗದು ಹಚ್ಚಿದೆ. ನನಗ ಅಕ್ಷರ ಅಂದ್ರ ಎಲ್ಲಾ ಇರಿವಿ ಸಾಲಪ್ಪ. ಯಾವುದು ಪೇಪರು, ಯಾವುದು ಪುಸ್ತಕ, ನನಗೇನು ಗೊತ್ತು? ಭಾಳ ಬೇಕಾದದ್ದೇನು?"

ಗಾದೆಪ್ಪ ಉಳಿದ ಕಟ್ಟುಗಳನ್ನು ಎತ್ತಿಕೊಂಡ.

"ಹೊಲಿದುಬಿಡು," ಎಂದ ಪಕ್ಕೀರಪ್ಪ ಹೊರಗೆ ಬಂದು. "ಐನೂರು ಪುಟ ಯಾವ ಮಗ ಎಣಿಸ್ತಾನ?"

ಮಾರನೆಯ ಬೆಳಿಗ್ಗೆ ಕಾಲೇಜು ತಪ್ಪಿಸಿ ಗಾದೆಪ್ಪ ಹೊಲಿದ. ಮೇಣ ತೀಡಿದ ದಾರ, ಗಟ್ಟಿ ಹೊಲಿಗೆ. ಮೊದಲಿಗಿಂತ ಗಟ್ಟಿಯಾಗಿತ್ತು.

ಕೊಟ್ರಬಸಪ್ಪ ಎಣಿಸುವವರಾಗಿದ್ದರು. ಸಾಹೇಬರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರಿಂದ ಇನ್ನೂ ನಿಧಾನವಾಗಿ ಎಣಿಸುತ್ತಿದ್ದರು. ಹೆಬ್ಬೆರಳಿಗೆ ಎಂಜಲು ಹಚ್ಚಿ ಪುಟದ ಮೂಲೆ ಎತ್ತುತ್ತ ಹೋದರು. ಮುನ್ನೂರು ದಾಟಿತು. ನಾನೂರು ದಾಟಿತು. ಗಾದೆಪ್ಪ ಕೌಂಟರಿನ ಅಂಚನ್ನು ಹಿಡಿದುಕೊಂಡ. ನಾನೂರ ಹದಿನಾರು. ನಾನೂರ ಮೂವತ್ತಮೂರು.

ಕೊಟ್ರಬಸಪ್ಪ ಒಂದು ಪುಟ ಹಿಂದೆ ಹೋದರು, ಮತ್ತೆ ಮುಂದೆ ಬಂದರು. ಪುಸ್ತಕವನ್ನು ಅಗಲಿಸಿ ಬೆನ್ನು ನೋಡಿದರು.

"ಇದು ಚಪ್ಪಲಿ ಹೊಲಿಯೋ ದಾರ," ಎಂದರು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಬಿಚ್ಚಿದವರು ಯಾರು?"

ನಾನೇ ಎಂದರೆ ಹಾಸ್ಟೆಲ್ಲಿನ ಸೀಟು ಹೋಗುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅಪ್ಪನ ಪಕ್ಕ ಇನ್ನೊಂದು ಗೋಣಿತಟ್ಟು ಹಾಸುವಷ್ಟು ಜಾಗವಿತ್ತು. ಅದು ಗಾದೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

"ಹೊಲಿಗಿ ತಾನಾ ಬಿಟ್ಟಿತ್ರಿ. ನಾನು ಹೊಲದೀನಿ ಅಷ್ಟಾ."

"ಹದಿನಾರು ಪುಟ ಎಲ್ಲಿ?"

"ಅಡಿಗಿಯಾಕಿ ಒಲಿಗೆ ಹಾಕ್ಯಾಳ್ರಿ."

ಹಂಪಕ್ಕ ಎನ್ನಲಿಲ್ಲ. ಅಡಿಗಿಯಾಕಿ ಎಂದ.

ಕೊಟ್ರಬಸಪ್ಪ ಜಾಮೀನಿನ ಫಾರಂ ತೆಗೆದು ಹೆಬ್ಬೆಟ್ಟಿನ ಗುರುತು ತೋರಿಸಿದರು. ಸಾಹೇಬರಿಗೆ ನಗು ಬಂತು. "ಜಾಮೀನು ಕೊಟ್ಟಾಕಿನಾ ಸುಟ್ಟಾಳ? ಕರೀರಿ ಆಕಿನ್ನ."

ಹಂಪಕ್ಕ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದಳು.

"ಸುಟ್ಟೀಯೇನಮ್ಮ?"

"ಹೌದ್ರಿ. ಗೊತ್ತಿಲ್ದಂಗ ಸುಟ್ಟೀನಿ. ಬಿಡಿ ಹಾಳಿ ಇದ್ವು."

"ಇದನ್ನ ಯಾರಾದ್ರೂ ಬಿಚ್ಚಿದ್ದು ನೋಡೀಯೇನು?"

ಅವಳು ಗಾದೆಪ್ಪನನ್ನು ನೋಡಿದಳು. ಅವನು ಗೋಡೆಯ ಮೇಲಿನ 'ನಿಶ್ಶಬ್ದ' ಎಂಬ ಹಲಗೆಯನ್ನು ನೋಡಿದ. ಜೊತೆಗೆ ಬಂದು ಹಿಂದೆ ನಿಂತಿದ್ದ ಪಕ್ಕೀರಪ್ಪ ಅವನ ಅಂಗಿ ಜಗ್ಗಿದ. ಹೇಳು ಎಂದೋ, ಬೇಡ ಎಂದೋ ತಿಳಿಯಲಿಲ್ಲ. ಗಾದೆಪ್ಪ ಇನ್ನೂ ಹೇಳಬಹುದಿತ್ತು. ಸಾಹೇಬರು ಒಂದು ಸಲ ಆಕಳಿಸುವಷ್ಟು ಹೊತ್ತು ಅದಕ್ಕೆ ಸಮಯವಿತ್ತು.

"ನಾ ನೋಡಿಲ್ರಿ," ಎಂದಳು ಹಂಪಕ್ಕ.

ಇಲಾಖೆಗೆ ಕಳಿಸುವ ಕಾಗದಕ್ಕೆಂದು ಅವಳ ಹೇಳಿಕೆ ಬರೆದುಕೊಂಡರು. ಹಿಟ್ಟಿನ ಬೆರಳಿಗೆ ಶಾಯಿ ಹತ್ತಲಿಲ್ಲ, ಎರಡು ಸಲ ಒತ್ತಿಸಿಕೊಂಡರು.

ದಾರಿಯಲ್ಲಿ ಅವಳು ಮುಂದೆ ನಡೆದಳು, ಇವರಿಬ್ಬರು ಹಿಂದೆ. ಪಕ್ಕೀರಪ್ಪ ಹತ್ತಿರ ಸರಿದು ಕೇಳಿದ.

"ಇಪ್ಪತ್ತೇಳರಾಗ ಅವ ಏನು ಮಾಡ್ದ, ಹೇಳ್ಲೇನಲೇ?"

"ಬ್ಯಾಡ."

ಮಧ್ಯಾಹ್ನ ಊಟಕ್ಕೆ ಕೂತಾಗ ಹಂಪಕ್ಕ ಎಲ್ಲರಿಗೂ ಬಡಿಸಿದಂತೆ ಅವನಿಗೂ ಎರಡು ರೊಟ್ಟಿ ಹಾಕಿದಳು. ಇನ್ನೊಂದು ಬೇಕೇನೋ ಎಂದು ದಿನಾ ಕೇಳುತ್ತಿದ್ದವಳು ಅಂದು ಕೇಳಲಿಲ್ಲ.

ಮಾರ್ಚಿನಲ್ಲಿ ಖಾಯಂ ಆದವರ ಪಟ್ಟಿ ಬಳ್ಳಾರಿಯಿಂದ ಬಂತು. ಗಾದೆಪ್ಪನ ಸೀಟು ಉಳಿದಿತ್ತು. ಹೋದದ್ದು ಹದಿನಾರು ಪುಟ, ಒಂದು ಕಾರ್ಡು, ಹಂಪಕ್ಕನ ಹನ್ನೊಂದು ವರ್ಷ.