ಕಾಲು ನೋವೆಂದು ಕೈ ಎತ್ತಿದ ಹುಡುಗಿ

ಓಣಿಯ ಟೈಲರ್‌ಗೆ ಮಗಳೆಂದರೆ ಪ್ರಾಣ. ಹದಿಮೂರರ ಹುಡುಗಿ ಫುಟ್‌ಬಾಲ್ ಮೈದಾನಕ್ಕಿಳಿದರೆ ಯಾರ ಕೈಗೂ ಸಿಗುತ್ತಿರಲಿಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ‘ಮಿಂಚು’. ಅಂಗಡಿಗೆ ಬಂದವರು ಬಟ್ಟೆ ಕೊಟ್ಟು ಸುಮ್ಮನೆ ಹೋಗುವಂತಿರಲಿಲ್ಲ, ಮಗಳು ಹೊಡೆದ ಗೋಲಿನ ಕಥೆಯನ್ನು ಪೂರ್ತಿ ಕೇಳಿಯೇ ಹೋಗಬೇಕಿತ್ತು.

ಅಂಥ ಮಿಂಚು ಆ ವಾರ ಕುಂಟುತ್ತಿದ್ದಳು. ಆಡುವಾಗ ಕಾಲು ಉಳುಕಿ ಪಾದದ ಕೀಲು ಊದಿತ್ತು. ಭಾನುವಾರವೇ ಜಿಲ್ಲಾ ತಂಡದ ಆಯ್ಕೆ. ಟೈಲರ್ ಕೈಕಟ್ಟಿ ಕೂರುವ ಆಸಾಮಿಯಲ್ಲ. ಪ್ಯಾಂಟಿನ ಸೊಂಟಕ್ಕೆ ಹಾಕುವ ಅಗಲದ ಇಲಾಸ್ಟಿಕ್ ಕತ್ತರಿಸಿ, ಎರಡು ಮಡಿಕೆ ಮಾಡಿ, ಕಾಲಿಗೊಂದು ಬಿಗಿಯಾದ ಪಟ್ಟಿ ಹೊಲಿದೇಬಿಟ್ಟ.

“ಇದನ್ನ ಹಾಕ್ಕೊಂಡು ಆಡು ಪುಟ್ಟಿ. ಮೇಲೆ ಸಾಕ್ಸ್ ಎಳ್ಕೋ, ಕೋಚ್‌ಗೆ ಗೊತ್ತೇ ಆಗಲ್ಲ.”

ಕೋಟು ಸಣ್ಣ ಮಾಡಿಸಲು ಬಂದಿದ್ದ ಪಕ್ಕದ ಮನೆಯ ನರ್ಸ್ ಇದನ್ನು ಕೇಳಿಸಿಕೊಂಡರು. ಬಗ್ಗಿ ಹುಡುಗಿಯ ಕಾಲು ಮುಟ್ಟಿ ನೋಡಿದರು.

“ಅಣ್ಣಾ, ಹೊಲಿಗೇಲಿ ನಿಮ್ಮನ್ನ ಮೀರಿಸೋರಿಲ್ಲ. ಆದ್ರೆ ಇದನ್ನ ಮೊದಲು ಬಿಚ್ಚಿ. ಇಷ್ಟು ಬಿಗಿದ್ರೆ ರಕ್ತ ಸರಿಯಾಗಿ ಓಡಾಡಲ್ಲ. ಮುಚ್ಚಿಟ್ಟು ಆಡಿದ್ರೆ ಗಾಯ ಇನ್ನೂ ಜೋರಾಗುತ್ತೆ.”

“ಆಟ ಅಂದ್ಮೇಲೆ ಪೆಟ್ಟು ಬೀಳಲ್ವಾ ಸಿಸ್ಟರ್? ಬೇರೆ ಮಕ್ಕಳೆಲ್ಲ ಗುಂಡುಕಲ್ಲಿನ ಹಾಗಿದಾರೆ. ನಮ್ಮವಳೊಬ್ಳಿಗೇ ಯಾಕೆ ಹೀಗೆ?”

“ಒಬ್ಳಿಗೇ ಅಂತ ಯಾರು ಹೇಳಿದ್ದು? ಈ ವಯಸ್ಸಿನ ಆಟಗಾರ ಮಕ್ಕಳು ಉಳುಕು, ಮೊಣಕಾಲು ನೋವು ಅಂತ ನಮ್ಮ ಆಸ್ಪತ್ರೆಗೆ ಬರ್ತಾನೇ ಇರ್ತಾರೆ. ಇವಳ ಪ್ಯಾಂಟಿನ ಮಡಿಕೆ ಈ ವರ್ಷ ಎಷ್ಟು ಸಲ ಬಿಚ್ಚಿದ್ರಿ?”

“ಲೆಕ್ಕ ಇಟ್ಟೋರು ಯಾರು! ಬೆಳೀತಾನೇ ಇದಾಳೆ.”

“ನೋಡಿ ಮತ್ತೆ. ಮೂಳೆ ಸರಸರ ಬೆಳೆಯುತ್ತೆ, ಸ್ನಾಯು ಹಿಂದೆ ಬಿದ್ದು ಬಿಗಿಯಾಗುತ್ತೆ. ಅದರ ಮೇಲೆ ಶಾಲೆ ತಂಡಕ್ಕೂ ಇವಳೇ, ಕ್ಲಬ್ ತಂಡಕ್ಕೂ ಇವಳೇ. ಮೈ ಬಿಸಿ ಮಾಡ್ಕೊಳ್ಳದೆ ಓಡೋದು, ಒಂದಿನಾನೂ ಬಿಡುವಿಲ್ಲ, ನಿದ್ದೆ ಸಾಲಲ್ಲ. ಹೋದ ಸಲ ಉಳುಕಿದ್ದೂ ಇದೇ ಕಾಲು ತಾನೆ? ಹಳೇ ಗಾಯ ಪೂರ್ತಿ ವಾಸಿಯಾಗದಿದ್ರೆ ಅದೇ ಜಾಗಕ್ಕೆ ಮತ್ತೆ ಪೆಟ್ಟಾಗುತ್ತೆ. ಡಾಕ್ಟರಿಗೆ ತೋರಿಸಿ.”

ಡಾಕ್ಟರು ಕೆಲವು ವಾರ ಆಟವೇ ಬೇಡ ಎಂದರು. ಟೈಲರ್‌ನ ಮುಖ ಬಾಡಿತು. “ಭಾನುವಾರ ಒಂದಿನ ಆಡ್ಬಿಡು, ಆಮೇಲೆ ಮಲಕ್ಕೊ” ಎಂದು ಮಗಳಿಗೆ ಹೇಳಿ ನೋಡಿದ. ಅವಳು ಕುಂಟುತ್ತಲೇ ಒಳಗೆ ಹೋದಳು.

ಭಾನುವಾರ ಮೈದಾನದ ಬೇಲಿಗೆ ಒರಗಿ ಟೈಲರ್ ನೋಡುತ್ತಿದ್ದ. ಆಯ್ಕೆಗೆ ಮೊದಲು ಕ್ಲಬ್‌ನ ಕೋಚ್ ತಮ್ಮ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, “ಯಾರಿಗಾದ್ರೂ ನೋವಿದ್ಯಾ?” ಎಂದು ಕೇಳಿದರು. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಹೇಳಿದರೆ ಆಯ್ಕೆಯಿಂದ ಹೊರಗೆ ಎಂಬುದು ಎಲ್ಲರಿಗೂ ಗೊತ್ತು.

ಮಿಂಚು ಕೈ ಎತ್ತಿದಳು.

“ಸರ್, ನನ್ನ ಕಾಲು ವಾಸಿಯಾಗಿಲ್ಲ. ನಾನಿವತ್ತು ಆಡಲ್ಲ.” ಅವಳು ತಲೆ ತಗ್ಗಿಸಲಿಲ್ಲ.

ಟೈಲರ್ ಬೇಲಿಯಿಂದ ನೆಟ್ಟಗಾಗಿ ನಿಂತ. ಅಷ್ಟರಲ್ಲಿ ಗೋಲ್‌ಕೀಪರ್ ಹುಡುಗಿ ಮೆಲ್ಲಗೆ ಕೈ ಎತ್ತಿ, “ನಂಗೆ ಭುಜ, ಸರ್” ಎಂದಳು. ಅವಳ ಪಕ್ಕದವಳು, “ನಂಗೆ ಮೊಣಕಾಲು.” ನೋಡನೋಡುತ್ತಿದ್ದಂತೆ ಅರ್ಧ ಸಾಲಿನ ಕೈಗಳು ಮೇಲಿದ್ದವು!

ಕೋಚ್ ಪೆಚ್ಚಾದರು. “ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?”

“ಕೈ ಎತ್ತೋಕೆ ಧೈರ್ಯ ಇರ್ಲಿಲ್ಲ ಸರ್” ಎಂದಳು ಗೋಲ್‌ಕೀಪರ್.

ಆ ವರ್ಷದ ಜಿಲ್ಲಾ ತಂಡದಲ್ಲಿ ಮಿಂಚಿನ ಹೆಸರು ಬರಲಿಲ್ಲ. ಆದರೆ ಅಂದಿನಿಂದ ಕೋಚ್ ವಾರಕ್ಕೊಂದು ದಿನ ಬಿಡುವು ಕೊಟ್ಟರು, ಮೈ ಬಿಸಿಯಾಗದೆ ಯಾರನ್ನೂ ಚೆಂಡು ಮುಟ್ಟಲು ಬಿಡಲಿಲ್ಲ.

“ಬೇಜಾರಾಯ್ತೇನಪ್ಪಾ?” ಎಂದಿದ್ದಳು ಮಗಳು, ಆ ಭಾನುವಾರ ಮನೆಗೆ ಮರಳುವ ದಾರಿಯಲ್ಲಿ.

“ಮುಚ್ಚಿಡು ಅಂದೋನು ನಾನು, ನಿಜ ಹೇಳಿದೋಳು ನೀನು. ಇಡೀ ತಂಡಾನ ಕಾಪಾಡ್ದೆ ಕಣೇ” ಎಂದವನ ಕಣ್ಣು ತುಂಬಿತ್ತು.

ನಿಮ್ಮ ಮನೆಯಲ್ಲೂ ಆಡುವ ಮಕ್ಕಳಿದ್ದಾರಲ್ಲವೇ? ಆಡಲಿ, ಮನಸಾರೆ ಹುರಿದುಂಬಿಸಿ. ಆದರೆ ಇವತ್ತು ಅವರು ಮನೆಗೆ ಬಂದಾಗ, ಗೆದ್ದೆಯಾ ಎಂದು ಕೇಳುವ ಮೊದಲು ಎಲ್ಲಾದರೂ ನೋವಿದೆಯಾ ಎಂದು ಕೇಳಿ. ಇದೆ ಎಂದರೆ ಗದರಬೇಡಿ, ನಂಬಿ.