ಮಗಳನ್ನು ಕೆಡಿಸಿದ ತಿಂಗಳು

ಕಾಲೇಜಿನ ಮೊದಲ ವರ್ಷದಲ್ಲಿ ನನ್ನ ಮಗಳು ಎಲ್ಲ ವಿಷಯಗಳಲ್ಲೂ ಪಾಸಾಗಿ ‘ಆತ್ಮಪ್ರಗತಿ’ ಎಂಬ ಒಂದೇ ಒಂದು ವಿಷಯದಲ್ಲಿ ಡುಮ್ಕಿ ಹೊಡೆದಳು. ಅದು ಕಡ್ಡಾಯ ವಿಷಯ. ಅದರಲ್ಲಿ ಬಿದ್ದವರು ಎರಡನೇ ವರ್ಷಕ್ಕೆ ಹೋಗುವಂತಿಲ್ಲ. ಮತ್ತೆ ಅದೇ ಬೆಂಚು, ಅದೇ ಪಾಠ, ತನಗಿಂತ ಚಿಕ್ಕವರ ನಡುವೆ.

ಪೋಷಕರನ್ನು ಕರೆದುಕೊಂಡು ಬಾ ಎಂದರಂತೆ. ನನ್ನದು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಬಿಸಿ ಬಿಸಿ ಬೆಡ್‌ಶೀಟುಗಳನ್ನು ಇಬ್ಬರು ಎದುರುಬದುರು ನಿಂತು ಮಡಚಬೇಕು. ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳು ಗೋಡೆಯ ಮೊಳೆಯ ಜೊತೆ ಮಡಚುತ್ತಾಳೆ. ನನ್ನ ಜೊತೆಗಾತಿಯನ್ನು ಆ ಮೊಳೆಗೆ ಒಪ್ಪಿಸಿ ಕಾಲೇಜಿಗೆ ಹೋದೆ.

ಆ ವಿಷಯ ಕಲಿಸುವವರನ್ನು ಹುಡುಗರು ‘ಪ್ರಗತಿ ಮೇಡಂ’ ಎಂದೇ ಕರೆಯುತ್ತಾರೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ವರ್ಷದ ಮೊದಲಲ್ಲಿ ಪ್ರತಿಯೊಬ್ಬರೂ ತಮ್ಮ ಗುಣ, ಅವಗುಣ, ಏಳುವ ಹೊತ್ತು, ಮನೆಗೆಲಸ ಎಲ್ಲ ಬರೆದು ಕೊಟ್ಟಿದ್ದರು. ವರ್ಷದ ಕೊನೆಗೆ ಮತ್ತೊಮ್ಮೆ. ಎಷ್ಟು ಮೇಲೇರಿದ್ದಾರೋ ಅಷ್ಟು ಅಂಕ. ಉಳಿದವರ ಗೆರೆಗಳೆಲ್ಲ ಮೆಟ್ಟಿಲು ಹತ್ತಿದಂತೆ ಹತ್ತಿದ್ದವು. ನನ್ನ ಮಗಳದು ಮಾತ್ರ ಬಟ್ಟೆ ಒಣಹಾಕುವ ಹಗ್ಗದಂತೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ.

“ನೋಡಿ ಅಮ್ಮ, ನಿಮ್ಮ ಮಗಳು ಇಡೀ ವರ್ಷದಲ್ಲಿ ಒಂದಿಂಚೂ ಬೆಳೆದಿಲ್ಲ.”

“ಗೆರೆ ಮೇಲೇ ಇದೆಯಲ್ಲ ಮೇಡಂ?”

“ಮೇಲಿದ್ರೆ ನಾನೇನು ಮಾಡ್ಲಿ? ಏರಿದ್ದಕ್ಕೆ ಅಂಕ, ಇದ್ದಿದ್ದಕ್ಕಲ್ಲ.”

ಮಗಳು ನನ್ನ ಕಿವಿಯಲ್ಲಿ ಹೇಳಿದಳು. ಆ ಪರದೆಯಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಏರಿದ ಗೆರೆ ಅವಳ ತರಗತಿಯಲ್ಲಿ ಎಲ್ಲರೂ ‘ಗೂಬೆ’ ಎನ್ನುವ ಹುಡುಗನದು. ಮಧ್ಯಾಹ್ನದವರೆಗೆ ಮಲಗುತ್ತೇನೆ, ತಟ್ಟೆ ತೊಳೆಯುವುದಿಲ್ಲ, ಅಪ್ಪ ಅಮ್ಮ ಇಬ್ಬರ ಮೇಲೂ ರೇಗುತ್ತೇನೆ ಎಂದು ಬರೆದಿದ್ದನಂತೆ. ಈಗ ಊಟದ ಹೊತ್ತಿಗೆ ಮುಂಚೆ ಏಳುತ್ತಾನೆ, ಅಪ್ಪನ ಮೇಲೆ ಮಾತ್ರ ರೇಗುತ್ತಾನೆ. ಕಾಲೇಜಿಗೇ ಮೊದಲಿಗ.

“ನೀನ್ಯಾಕೇ ನಿಜ ಬರೆಯೋಕೆ ಹೋದೆ?” ಎಂದು ಗದರಿದೆ.

“ಪ್ರಾಮಾಣಿಕತೆಗೂ ಒಂದು ಕಾಲಂ ಇತ್ತಮ್ಮ.”

ಮೇಡಂ ಕೆಟ್ಟವರಲ್ಲ. ಒಂದು ತಿಂಗಳ ಅವಕಾಶ ಕೊಟ್ಟರು. ತಿಂಗಳ ಮಧ್ಯದಲ್ಲಿ ಮನೆಗೆ ಬಂದು ಮಗಳ ಸ್ಥಿತಿ ನೋಡುತ್ತಾರೆ. ಕೊನೆಯಲ್ಲಿ ಮತ್ತೆ ಬಂದು ಎಷ್ಟು ಏರಿದ್ದಾಳೆಂದು ನೋಡುತ್ತಾರೆ.

“ಕೆಟ್ಟುಹೋಗಿ ಅಂತ ನಾನು ಹೇಳ್ತಿಲ್ಲ,” ಎಂದರು ಬಾಗಿಲವರೆಗೆ ಬಂದು. “ಆದ್ರೆ ಕೆಳಗೆ ಇಳೀದೆ ಹತ್ತೋಕಾಗಲ್ಲ, ಅಲ್ವಾ?”

ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನನ್ನ ಗಂಡ ಕೈಯ ಗ್ರೀಸು ಉಜ್ಜುತ್ತ ತಲೆ ತಗ್ಗಿಸಿ ಕೂತರು. ಮಂಚದ ಮೇಲಿದ್ದ ನಮ್ಮತ್ತೆಗೆ ಮಾತ್ರ ಹುರುಪು ಬಂತು.

“ಹುಡುಗಿ ಹಾಳಾಗ್ಬೇಕು, ಅಷ್ಟೇ ತಾನೇ? ಅದಕ್ಯಾಕೆ ಮುಖ ಇಷ್ಟುದ್ದ? ನಿನ್ನ ಗಂಡನ್ನ ಬೆಳೆಸಿದ್ದು ಯಾರು ಅನ್ಕೊಂಡೆ? ನನಗೆ ಬಿಡು.”

ಮಾರನೆಯ ಬೆಳಿಗ್ಗೆ ಮಗಳು ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದು ಹಾಲಿನ ಪಾತ್ರೆಗೆ ಕೈಹಾಕಿದಳು. ಅತ್ತೆ ಕೂಗಿದರು: “ಏಯ್, ಮಲಕ್ಕೊಳ್ಳೇ!”

“ಎಚ್ಚರ ಆಯ್ತಜ್ಜಿ.”

“ಎಚ್ಚರ ಆದ್ರೆ ಎದ್ದುಬಿಡೋದಾ? ಮನುಷ್ಯರಿಗೆ ಎರಡು ಮಗ್ಗುಲು ಇರೋದ್ಯಾಕೆ? ಹೋಗು, ಇನ್ನೊಂದು ಕಡೆ ತಿರುಗಿ ಮಲಕ್ಕೋ.”

ಎದುರುತ್ತರ ಕೊಡುವ ಪಾಠ ಇನ್ನೂ ಕಷ್ಟದ್ದು. ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಮಗಳು ಎದುರಿಗೆ ಬಂದು ನಿಂತಳು. “ಅಮ್ಮ, ಈಗ ಎದುರು ಮಾತಾಡ್ಲಾ? ಸುಸ್ತಾಗಿದ್ರೆ ಬೇಡ, ಟೀ ಕುಡಿದಾದ್ಮೇಲೆ ಮಾತಾಡ್ತೀನಿ.” ಎಂದವಳೇ ಟೀ ಮಾಡಲು ಹೋದಳು. ಅತ್ತೆ ಹಣೆ ಚಚ್ಚಿಕೊಂಡರು.

ಅವಳು ಮಲಗಿದ ಮೇಲೆಯೇ ತಿಳಿದದ್ದು, ಈ ಮನೆ ಯಾರ ಕೈಯಲ್ಲಿ ನಡೆಯುತ್ತಿತ್ತು ಎಂದು. ಹಾಲು ಕಾಯಿಸುವುದು, ಕಸ ಹೊಡೆಯುವುದು, ನನ್ನ ಡಬ್ಬಿ, ಅವರಪ್ಪನ ಕಾಲುಚೀಲ, ಅಜ್ಜಿಯ ಮಾತ್ರೆ ಎಲ್ಲವೂ ತಮ್ಮಷ್ಟಕ್ಕೆ ತಾವೇ ಆಗುತ್ತಿದ್ದವು ಎಂದುಕೊಂಡಿದ್ದೆವು. ಗಂಡ ಒಂದು ಕಪ್ಪು, ಒಂದು ಕಂದು ಕಾಲುಚೀಲ ಹಾಕಿಕೊಂಡು ಡಿಪೋಗೆ ಹೋದರು. ನಾನು ಬ್ರೆಡ್ಡು ಸುಟ್ಟೆ. ಗ್ಯಾಸ್ ಹಚ್ಚುವ ಲೈಟರ್ ಎಲ್ಲಿದೆ ಎಂದು ಕೇಳಲು ಮಗಳ ಕೋಣೆಗೆ ಹೊರಟರೆ ಅತ್ತೆ ಊರುಗೋಲು ಅಡ್ಡ ಹಿಡಿದರು. “ಎಬ್ಬಿಸಿದ್ರೆ ಎದ್ದೇಬಿಡ್ತಾಳೆ. ಕಷ್ಟಪಟ್ಟು ಮಲಗಿಸಿದ್ದೀನಿ.”

ಎರಡನೇ ವಾರದಲ್ಲಿ ಮಗಳಿಗೆ ರುಚಿ ಹತ್ತಿತು. ಒಂದು ಬೆಳಿಗ್ಗೆ ಡಬ್ಬಿಯ ಮುಚ್ಚಳ ಸಿಗದೆ ಕೂಗಿದೆ. ಹೊದಿಕೆಯೊಳಗಿಂದ ಉತ್ತರ ಬಂತು: “ನಂಗೇನು ಗೊತ್ತಮ್ಮ? ಡಬ್ಬಿ ನಿಂದು.”

ನನಗೆ ಚುರುಕ್ಕೆಂದಿತು. ಆಮೇಲೆ ಹೆಮ್ಮೆಯಾಯಿತು. “ಅತ್ತೆ, ಕೇಳಿಸ್ತಾ?” ಎಂದೆ. “ಕೇಳಿಸ್ತು ಕೇಳಿಸ್ತು,” ಎಂದು ಅತ್ತೆ ಕಣ್ಣೊರೆಸಿಕೊಂಡರು.

ಅವಳ ಕಣ್ಣ ಕೆಳಗಿನ ಕಪ್ಪು ಮಾಸಿತು. ಫೋನು ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗುವಳು. ಬಚ್ಚಲಲ್ಲಿ ಅಪಸ್ವರದಲ್ಲಿ ಹಾಡುವಳು. ಅವಳಿಗೆ ಹಾಡಲು ಬರುವುದಿಲ್ಲ ಎನ್ನುವುದು ನಮಗೆ ಗೊತ್ತಾದದ್ದೇ ಆಗ.

ಮೇಡಂ ಬಂದ ಭಾನುವಾರ ಹೊತ್ತು ನೆತ್ತಿಗೇರಿದ್ದರೂ ಅವಳು ಎದ್ದಿರಲಿಲ್ಲ. ಅವಳ ಮಂಚದ ಕೆಳಗಿನ ತೊಳೆಯದ ತಟ್ಟೆಯನ್ನು ಮೇಡಂ ಬಗ್ಗಿ ನೋಡಿದರು. “ಅದ್ಭುತ! ಇಷ್ಟು ಕೆಳಗೆ ಯಾರೂ ಇರ್ಲಿಲ್ಲ. ಇಲ್ಲಿಂದ ಸ್ವಲ್ಪ ಎದ್ದು ಕೂತ್ರೂ ಪಾಸು.”

“ಎಲ್ಲ ನಿಮ್ಮ ಆಶೀರ್ವಾದ,” ಎಂದರು ಅತ್ತೆ.

ಇನ್ನು ಏರುವುದೊಂದೇ ಬಾಕಿ. ಮರುದಿನ ಎಬ್ಬಿಸಲು ಹೋದೆ. ಬಾಯಿ ಸ್ವಲ್ಪ ತೆರೆದು, ಒಂದು ಕಾಲು ಹೊರಗೆ ಚಾಚಿ ಮಲಗಿದ್ದಳು. ದಿನವಿಡೀ ಊರವರ ಹಾಸಿಗೆ ಬಟ್ಟೆ ಮಡಚುವವಳು ನಾನು. ಆ ಹೊದಿಕೆಯ ಒಂದು ತುದಿ ಹಿಡಿದು ಎಳೆಯಲು ನನ್ನ ಕೈ ಬರಲಿಲ್ಲ. ಕಾಲಿನ ಮೇಲೆ ಹೊದಿಸಿ ಹಿಂದೆ ಬಂದೆ.

“ಎಬ್ಬಿಸಿದ್ರಾ?” ಎಂದು ಅದರ ಮಾರನೆಯ ದಿನ ಗಂಡನನ್ನು ಕೇಳಿದೆ.

“ಹೋಗಿದ್ದೆ ಕಣೇ. ಮಲಗಿದ್ಲು.”

“ಮಲಗಿದ್ದವರನ್ನೇ ತಾನೇ ಎಬ್ಬಿಸೋದು?”

“ಚೆನ್ನಾಗಿ ಮಲಗಿದ್ಲು.”

ಮಗಳಿಗೂ ಚಿಂತೆ ಇಲ್ಲದಿರಲಿಲ್ಲ. “ಪಾಸಾಗ್ದಿದ್ರೆ ಗೂಬೆ ನನಗೆ ಸೀನಿಯರ್ ಆಗ್ತಾನಮ್ಮ, ಆ ಅವಮಾನ ಬೇಡ. ನಾಳೆ ಖಂಡಿತ ಏಳ್ತೀನಿ,” ಎಂದು ದಿನವೂ ಅಲಾರಂ ಇಡುವಳು. ಅದು ಬಡಿದುಕೊಳ್ಳುತ್ತಲೇ ನಾನು ನಿಲ್ಲಿಸಲು ಓಡಿದರೆ ಅಲ್ಲಿ ಅತ್ತೆಯ ಕೈ ಮೊದಲೇ ಇರುತ್ತಿತ್ತು.

ಹೀಗೆ ತಿಂಗಳು ಮುಗಿದೇಹೋಯಿತು. ಕೊನೆಯ ದಿನ ಮೇಡಂ ಹೇಳದೆ ಕೇಳದೆ ಬೆಳಬೆಳಿಗ್ಗೆಯೇ ಬಂದು ಬಾಗಿಲು ತಟ್ಟಿದರು. ಕಸಬರಿಕೆ ಹಿಡಿದಿದ್ದ ಗಂಡನೇ ಬಾಗಿಲು ತೆರೆದರು. ನಾನು ಹಾಲು ಒಲೆಗಿಟ್ಟು ಡಬ್ಬಿ ಕಟ್ಟುತ್ತಿದ್ದೆ. ಅತ್ತೆ ತಮ್ಮ ಮಾತ್ರೆಗಳನ್ನು ತಾವೇ ಬಿಡಿಸಿಕೊಳ್ಳುತ್ತಿದ್ದರು.

“ಹುಡುಗಿ ಎಲ್ಲಿ?”

“ಮಲಗಿದ್ದಾಳೆ,” ಎಂದರು ಅತ್ತೆ. “ಸದ್ದು ಮಾಡ್ಬೇಡಿ.”

ಮಗಳ ಒಂದು ವರ್ಷ ಕಣ್ಣೆದುರೇ ನೀರಿಗೆ ಹೋಯಿತು ಎಂದುಕೊಂಡೆ. “ಮೇಡಂ, ತಪ್ಪು ಅವಳದ್ದಲ್ಲ. ನಾವೇ ಎಬ್ಬಿಸ್ಲಿಲ್ಲ,” ಎಂದೆ.

ಮೇಡಂ ನನ್ನನ್ನು ನೋಡುತ್ತಿರಲಿಲ್ಲ. ಕಸಬರಿಕೆಯನ್ನು ನೋಡುತ್ತಿದ್ದರು. “ನೀವೆಲ್ಲ ಮೊದಲಿಂದ್ಲೂ ಹೀಗೇನಾ?”

“ಇಲ್ಲ ಮೇಡಂ,” ಎಂದರು ನನ್ನ ಗಂಡ. “ಇದನ್ನ ಯಾವ ಕಡೆ ಹಿಡೀಬೇಕು ಅಂತ ಗೊತ್ತಾಗಿದ್ದೇ ಈ ತಿಂಗಳು.”

ಮೇಡಂ ಮುಖ ಅರಳಿತು. ಚೀಲದಿಂದ ಹಾಳೆ ತೆಗೆದು ತೀರಾ ಕೆಳಗಿನ ಕಾಲಂ ತೋರಿಸಿದರು: ನಾಯಕತ್ವ. “ಎಷ್ಟು ವರ್ಷದಿಂದ ಈ ಜಾಗ ಖಾಲಿ ಬಿದ್ದಿತ್ತು ಗೊತ್ತಾ? ಸುತ್ತಲಿನವರನ್ನ ಬದಲಾಯಿಸಿದ ಒಬ್ಬನೇ ಒಬ್ಬ ವಿದ್ಯಾರ್ಥಿಯೂ ನನಗೆ ಸಿಕ್ಕಿರ್ಲಿಲ್ಲ. ಇವಳು ಇಡೀ ಮನೇನೇ ಬದಲಾಯಿಸಿದ್ದಾಳೆ!”

“ಮಲಕ್ಕೊಂಡೇ,” ಎಂದರು ಅತ್ತೆ.

“ಅದೇ ನಾನು ಹೇಳ್ತಿರೋದು. ಒಂದು ಭಾಷಣ ಇಲ್ಲ, ಗದ್ದಲ ಇಲ್ಲ!” ಎಂದು ಮೇಡಂ ಪೂರ್ತಿ ಅಂಕ ಹಾಕಿ, ‘ಪಾಸು’ ಎಂದು ಬರೆದು, ಕೆಳಗೆ ಸಹಿ ಎಳೆದರು. ನಾನು ಆ ಸಹಿಯ ಮಸಿ ಆರುವುದನ್ನೇ ಕಾಯುತ್ತ ನಿಂತುಬಿಟ್ಟೆ.

ಆಗ ಒಳಗಿನ ಕೋಣೆಯಿಂದ ನಿದ್ದೆಗಣ್ಣಿನ ದನಿ ಕೇಳಿಸಿತು: “ಅಮ್ಮಾ, ಹಾಲು ಉಕ್ತಿದೆ!”

ನಾನು ಓಡಿದೆ. ಗಂಡ ಕಸಬರಿಕೆ ಸಮೇತ ಓಡಿದರು. ಅತ್ತೆ ಊರುಗೋಲು ಮರೆತು ಎದ್ದರು. ಆದರೆ ಎಲ್ಲರಿಗಿಂತ ಮೊದಲು ಒಲೆ ಮುಟ್ಟಿ ಆರಿಸಿದವರು ಮೇಡಂ. ಕೋಣೆಯೊಳಗೆ ಮಂಚ ಕಿರುಗುಟ್ಟಿತು. ಮಗಳು ಇನ್ನೊಂದು ಮಗ್ಗುಲಿಗೆ ತಿರುಗಿದಳು.