ಒಬ್ಬರು ಬರುವವರಿದ್ದಾರೆ

ಸತ್ತ ಮೇಲೆ ಮನುಷ್ಯನನ್ನು ಹೊಗಳುವುದರಲ್ಲಿ ನಮ್ಮ ಚರ್ಚಿನವರದು ಎತ್ತಿದ ಕೈ. ಬದುಕಿದ್ದಾಗ "ಏಯ್ ಮೇಸ್ತ್ರಿ, ಬಾಗಿಲು ಕಿರುಗುಟ್ತಿದೆ ನೋಡು" ಎಂದು ಅಪ್ಪನನ್ನು ಕರೆಯುತ್ತಿದ್ದ ಬಾಯಿಗಳೇ ಅವತ್ತು ಮಧ್ಯಾಹ್ನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅವನನ್ನು ಸಂತನನ್ನಾಗಿ ಮಾಡುತ್ತಿದ್ದವು. ಎಂಥಾ ಸಜ್ಜನ, ಎಂಥಾ ಸಂಸಾರವಂತ, ಒಂದು ಭಾನುವಾರ ತಪ್ಪಿಸಿದವನಲ್ಲ. ನಾನು ಟೀ ಕೊಡುತ್ತಾ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮನ ದೂರು. ಮಾರನೆಯ ದಿನ ಬೆಳಿಗ್ಗೆ ಅಪ್ಪನ ಮಣ್ಣು, ಅದಕ್ಕಾದರೂ ಸುಮ್ಮನಿರು ಎಂದು ಅವಳು ಮೊದಲೇ ಕೈ ಹಿಡಿದು ಹೇಳಿದ್ದಳು.

ಬಂದವರಲ್ಲಿ ಮುಖ್ಯರು ಇಬ್ಬರು. ಒಬ್ಬರು ಪಾಸ್ಟರ್, ಊರಿಗೆ ಹೊಸಬರು, ಒಳ್ಳೆಯ ಮನಸ್ಸಿನವರು. ಇನ್ನೊಬ್ಬರು ಗಡಿಯಾರದಂಗಡಿಯವರು, ನಾನು ಹುಟ್ಟುವ ಮೊದಲಿನಿಂದಲೂ ಸಭೆಯ ಹಿರಿಯರು. ಉಪದೇಶದ ಪ್ರಸಂಗ ಉದ್ದವಾದರೆ ಕೈಗಡಿಯಾರ ನೋಡಿ ಪಾಸ್ಟರನ್ನೇ ಪೀಠದಿಂದ ಇಳಿಸುವ ಗಿರಾಕಿ. ಅವರು ಜೇಬಿನಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಒಳಗೆ ಹಿತ್ತಾಳೆಯ ಸಣ್ಣ ಫಲಕ. ಅಂಗಡಿಯಲ್ಲಿ ಅವರೇ ಕೆತ್ತಿದ್ದು. ಮೇಲೆ ಅಪ್ಪನ ಹೆಸರು, ಕೆಳಗೆ 'ಕರ್ತನಿಗಾಗಿ ಪಕ್ಕದ ಜಾಗ ಕಾದಿಟ್ಟವರು' ಎಂದಿತ್ತು.

"ಇದೇನಿದು?" ಎಂದೆ. ನಾನು ಚರ್ಚಿನ ಮೆಟ್ಟಿಲು ಹತ್ತುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ನಿಮಗೆ ಗೊತ್ತಿಲ್ವಾ ತಂಗಿ?" ಪಾಸ್ಟರ್ ಹೇಳಿದರು. "ಅವರು ಯಾವಾಗ್ಲೂ ಬಾಗಿಲ ಹತ್ರ ಕೊನೇ ಬೆಂಚಲ್ಲೇ ಕೂರೋರು. ಅದೂ ತುದೀಲಿ. ಗೋಡೆ ಪಕ್ಕದ ಜಾಗ ಖಾಲಿ. ಯಾರಾದ್ರೂ ಕೂರೋಕೆ ಹೋದ್ರೆ 'ಒಬ್ರು ಬರೋರಿದಾರೆ' ಅನ್ನೋರು. ಜನ ತುಂಬಿ ನಿಂತಿದ್ರೂ ಬಿಟ್ಟುಕೊಡ್ತಿರ್ಲಿಲ್ಲ. ಯಾರು ಬರ್ತಾರೆ ಅಂತ ಒಂದ್ಸಲ ನಾನೇ ಕೇಳ್ದೆ. ನಕ್ಕು ಸುಮ್ನಾದ್ರು. ಆಗ ಹೊಳೀತು ನಂಗೆ. ಸ್ವಾಮಿಗೇ ಜಾಗ ಹಿಡಿದಿದ್ರು ಅವರು. ನಾಳೆ ಇದನ್ನ ಆ ಬೆಂಚಿಗೇ ಹಾಕಿಸ್ತೀವಿ."

ಮೈಯೆಲ್ಲಾ ಉರಿದುಹೋಯಿತು. ಪಾಸ್ಟರಿಗೆ ಗೊತ್ತಿಲ್ಲ, ಸರಿ. ಗಡಿಯಾರದಂಗಡಿಯವರಿಗೆ? ಅವರ ಮುಖ ನೋಡಿದೆ. ಅವರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

ಕರ್ತನಿಗಂತೆ! ಆ ಹೊತ್ತಿಗೆ ಹಿತ್ತಲ ಕಡೆಯಿಂದ ಧಪ್ ಧಪ್ ಎಂದು ಸದ್ದು ಬಂತು. ಅಪ್ಪನ ಕೆಲಸದ ಕೊಟ್ಟಿಗೆಯಲ್ಲಿ ಅಣ್ಣ ಬೆಂಚು ಬಡಿಯುತ್ತಿದ್ದ.

ಅಣ್ಣ ಆಳೆತ್ತರ ಬೆಳೆದಿದ್ದಾನೆ, ಮಾತು ಮಾತ್ರ ಬೆಳೆಯಲಿಲ್ಲ. ಹೇಳಬೇಕಾದ್ದನ್ನೆಲ್ಲ ಅಂಗೈಯಲ್ಲಿ ಬಡಿದು ಹೇಳುತ್ತಾನೆ. ಚಿಕ್ಕವನಿದ್ದಾಗ ಚರ್ಚಿನಲ್ಲಿ ನಾವು ನಾಲ್ವರೂ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದೆವು. ಕೀರ್ತನೆ ಕೇಳಿದರೆ ಅವನಿಗೆ ಖುಷಿ, ಬಡಿಯುತ್ತಿದ್ದ. ಪ್ರಸಂಗ ಸಾಕಾದರೂ ಬಡಿಯುತ್ತಿದ್ದ. ಗಡಿಯಾರದಂಗಡಿಯವರು ಬಂದು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, "ಮೇಸ್ತ್ರಿ, ಬಾಗಿಲ ಹತ್ರ ಕೂರ್ಸಪ್ಪಾ, ಗಲಾಟೆ ಮಾಡಿದ್ರೆ ಹೊರಗೆ ಕರ್ಕೊಂಡು ಹೋಗೋಕೆ ಸುಲಭ" ಎಂದರು. ಹಿಂದಕ್ಕೆ ಹೋದೆವು. ಆಮೇಲೆ, "ಮನೇಲೇ ಬಿಟ್ಟು ಬಾಪ್ಪಾ, ಅವನಿಗೂ ಹಿಂಸೆ" ಎಂದರು. ಅಪ್ಪ ಅದಕ್ಕೂ ತಲೆಯಾಡಿಸಿದ. ಆ ಚರ್ಚಿನ ಒಂದೊಂದು ಬೆಂಚನ್ನೂ ತನ್ನ ಕೈಯಾರೆ ಮಾಡಿದವನು, ಮಗನಿಗೆ ಅದರಲ್ಲಿ ಒಂದು ಗೇಣು ಜಾಗ ಕೇಳಲಿಲ್ಲ.

ಅಂದಿನಿಂದ ಅಪ್ಪ ಬೆಳಗಿನ ಆರಾಧನೆಗೆ, ಅಮ್ಮ ಸಂಜೆಯದಕ್ಕೆ. ಒಬ್ಬರು ಹೋದರೆ ಒಬ್ಬರು ಅಣ್ಣನ ಹತ್ತಿರ. ಉಳಿದ ಮರದಲ್ಲಿ ಅಪ್ಪ ಅದೇ ಅಳತೆಯ ಬೆಂಚೊಂದನ್ನು ಮಾಡಿ ಕೊಟ್ಟಿಗೆಯಲ್ಲಿಟ್ಟ. ಚರ್ಚಿನಿಂದ ಬಂದವನು ಕೋಟು ಕೂಡ ಬಿಚ್ಚದೆ, ಮರದ ಹೊಟ್ಟಿನ ನಡುವೆ ನಿಂತು ಅಣ್ಣನಿಗೆ ಇಡೀ ಆರಾಧನೆ ಒಪ್ಪಿಸುತ್ತಿದ್ದ. ಕೀರ್ತನೆಗಳು, ಪ್ರಾರ್ಥನೆ, ಪಾಸ್ಟರ ಕೆಮ್ಮನ್ನೂ ಬಿಡದೆ ಪ್ರಸಂಗ. ಅಣ್ಣನಿಗೆ ಸಾಕಾದಾಗ ಬೆಂಚು ಬಡಿಯುತ್ತಿದ್ದ. ಅಪ್ಪ ವಾಕ್ಯವನ್ನು ಅರ್ಧಕ್ಕೇ ನಿಲ್ಲಿಸಿ, "ಆಯ್ತು ದೊರೆ, ಆಮೆನ್" ಎನ್ನುತ್ತಿದ್ದ. ಆಗ ಅಣ್ಣನ ಕೈ ನಿಲ್ಲುತ್ತಿತ್ತು. ಆ ಮಾತು ಬರುವವರೆಗೆ ನಿಲ್ಲುತ್ತಿರಲಿಲ್ಲ.

ನನಗೆ ಅಪ್ಪನ ಮೇಲೂ ಸಿಟ್ಟಿತ್ತು, ಈಗಲೂ ಇದೆ. ಆ ಹಿರಿಯರ ಎದುರು ನಿಂತು ಒಂದು ಮಾತು ಆಡಬಾರದಿತ್ತೇ? ಕೇಳಿದರೆ, "ದೇವರ ಮನೆ ಮಗಳೇ, ಜಗಳ ಆಡೋ ಜಾಗ ಅಲ್ಲ" ಎನ್ನುತ್ತಿದ್ದ.

ಹೊರಡುವ ಮುಂಚೆ ಗಡಿಯಾರದಂಗಡಿಯವರು ಗಂಟಲು ಸರಿಮಾಡಿಕೊಂಡರು. "ಇನ್ನೊಂದು ಮಾತು ತಾಯಿ. ನಾಳೆ ದೊಡ್ಡ ದೊಡ್ಡೋರೆಲ್ಲ ಬರ್ತಾರೆ. ಅವನನ್ನ ಪಕ್ಕದ ಮನೇಲಿ ಬಿಟ್ಟು ಬಂದ್ರೆ ಒಳ್ಳೇದು. ಅವನಿಗೂ ಹಿಂಸೆ."

"ಯಾರಪ್ಪನ ಮಣ್ಣಿಗೆ ಯಾರು ಬರ್ಬಾರ್ದು ಅಂತಿದೀರಾ?" ಎಂದು ನಾನು ಎದ್ದೆ.

"ಸುಮ್ನಿರೇ" ಎಂದಳು ಅಮ್ಮ. ಅವರು ಚಪ್ಪಲಿ ಮೆಟ್ಟಿ ಹೊರಟರು.

ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಅಮ್ಮನ ಬೆನ್ನಿಗೆ ನಿಂತು ಕೇಳಿದೆ. "ಆ ಜಾಗ ಅಣ್ಣನಿಗೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು."

"ಮತ್ತೆ ಅವರ ಮುಖಕ್ಕೆ ಹೇಳ್ಬಾರ್ದಿತ್ತಾ?"

ಅಮ್ಮ ತಿರುಗಲಿಲ್ಲ. "ನಿಮ್ಮಪ್ಪ ಭಾನುವಾರ ಹೊರಡೋವಾಗೆಲ್ಲ ಇವನ ಬಿಳಿ ಶರ್ಟು ಇಸ್ತ್ರಿ ಮಾಡಿಡು ಅನ್ನೋರು. ಚರ್ಚಿನೋರು ಇವತ್ತು ಇವನನ್ನ ಕರೀಬಹುದು, ಕರೆದ್ರೆ ಓಡಿ ಬಂದು ಕರ್ಕೊಂಡು ಹೋಗ್ತೀನಿ ಅನ್ನೋರು. ಶರ್ಟು ಚಿಕ್ಕದಾದ್ರೆ ಹೊಸದು ತರೋರು."

ನಾನು ಕೈಯಲ್ಲಿದ್ದ ಪಾತ್ರೆಯನ್ನು ಬಚ್ಚಲಿಗೆ ಎಸೆದೆ. ಸಿಟ್ಟು ಯಾರ ಮೇಲೆ ಎಂದು ನನಗೇ ತಿಳಿಯಲಿಲ್ಲ. ಕರೆಯದವರ ಮೇಲೋ, ಅವರು ಕರೆಯುತ್ತಾರೆಂದು ಕಾದವನ ಮೇಲೋ. ಆಮೇಲೆ ಅತ್ತೆ, ಚೆನ್ನಾಗಿ ಅತ್ತೆ.

ಬೆಳಿಗ್ಗೆ ಅಣ್ಣನಿಗೆ ಬಿಳಿ ಶರ್ಟು ಹಾಕಿದೆ. ಗುಂಡಿ ಹಾಕುವಾಗ ಅಮ್ಮ ನೋಡಿದಳು, ಬೇಡ ಎನ್ನಲಿಲ್ಲ.

ಚರ್ಚಿನ ಬಾಗಿಲಲ್ಲೇ ಗಡಿಯಾರದಂಗಡಿಯವರು ನಿಂತಿದ್ದರು. ಅಣ್ಣನನ್ನು ನೋಡಿ ಅವರ ಮುಖ ಹುಳ್ಳಗಾಯಿತು. ಒಳಗೆ ದೂರದಲ್ಲಿ ಅಪ್ಪನ ಪೆಟ್ಟಿಗೆ. ಇತ್ತ ಕೊನೆಯ ಬೆಂಚಿನ ಬೆನ್ನಿನ ಒಳಮೈಗೆ ಹಾಕಿದ ಫಲಕ ಫಳಫಳ ಹೊಳೆಯುತ್ತಿತ್ತು.

"ತಂದೇಬಿಟ್ಯಾ? ಹೋಗ್ಲಿ, ಇಲ್ಲೇ ಬಾಗಿಲ ಹತ್ರ ಕೂರ್ಸು. ಗಲಾಟೆ ಮಾಡಿದ್ರೆ ಹೊರಗೆ ಕರ್ಕೊಂಡು ಹೋಗೋಕೆ ಸುಲಭ."

ಅದೇ ಮಾತು. ಇಷ್ಟು ಕಾಲವಾದರೂ ಒಂದು ಅಕ್ಷರ ಸವೆದಿರಲಿಲ್ಲ.

"ಸರಿ" ಎಂದೆ. "ಈ ಬೆಂಚಲ್ಲೇ ಕೂರ್ತಾನೆ. ಆದ್ರೆ ಬೆಂಚು ಇಲ್ಲಿರಲ್ಲ."

ಪಾಲಿಶ್ ಮಾವ ಹಿಂದೆಯೇ ನಿಂತಿದ್ದ. ಅಪ್ಪ ಮಾಡಿದ್ದಕ್ಕೆಲ್ಲ ಪಾಲಿಶ್ ಹಾಕಿದವನು ಅವನೇ. "ಮಾವ, ಆ ತುದಿ ಹಿಡ್ಕೋ" ಎಂದೆ. ಅವನು ಅಂಗಿಯ ತೋಳು ಮಡಚಿ ಎತ್ತಿದ. ಅಪ್ಪ ಒಂದು ಬೆಂಚನ್ನೂ ನೆಲಕ್ಕೆ ಮೊಳೆ ಹೊಡೆದು ಕೂರಿಸಿರಲಿಲ್ಲ, ಆದರೆ ಮರವನ್ನು ಮಾತ್ರ ಧಾರಾಳವಾಗಿ ಹಾಕಿದ್ದ. ನನ್ನ ಕೈ ಸೋತು ನನ್ನ ಕಡೆಯ ಕಾಲು ನೆಲಕ್ಕೆ ಬಿತ್ತು. ಎಳೆದೆ. ಆ ನಡುದಾರಿಯ ಉದ್ದಕ್ಕೂ ಬೆಂಚು ಕಿರ್ರೋ ಎಂದು ಅರಚಿತು. ಕೂತವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದುಕೊಂಡೆ. ಎಲ್ಲಕ್ಕಿಂತ ಮುಂದೆ, ಪೆಟ್ಟಿಗೆಯ ಪಕ್ಕದಲ್ಲೇ ಬೆಂಚು ಇಟ್ಟು, ಅಪ್ಪ ಖಾಲಿ ಇಡುತ್ತಿದ್ದ ಜಾಗದಲ್ಲಿ ಅಣ್ಣನನ್ನು ಕೂರಿಸಿದೆ. ಅವನ ಪಕ್ಕಕ್ಕೆ ಅಮ್ಮ, ಆಚೆ ತುದಿಯಲ್ಲಿ ನಾನು.

ಪಾಸ್ಟರ್ ಒಂದು ಕ್ಷಣ ತಡವರಿಸಿ ಶುರುಮಾಡಿದರು. ದೀನನಾದ ಬಡಗಿ, ಕೊನೆಯ ಸ್ಥಾನವನ್ನು ತಾನಾಗಿ ಆರಿಸಿಕೊಂಡವನು, ಪಕ್ಕದಲ್ಲಿ ಸದಾ ಒಬ್ಬರಿಗೆ ಜಾಗ ಬಿಟ್ಟವನು. ಯಾರಿಗೆ? ಎಂದು ಕೇಳಿ ಅವರು ಉಸಿರೆಳೆದುಕೊಂಡರು.

ಧಪ್ ಧಪ್ ಧಪ್. ಅಣ್ಣ ಬೆಂಚು ಬಡಿದ.

ಯಾರೋ ಹಿಂದಿನಿಂದ ಶ್ ಎಂದರು. ಅಣ್ಣ ಬಡಿಯುತ್ತಲೇ ಪೆಟ್ಟಿಗೆಯನ್ನು ನೋಡಿದ. ಉತ್ತರ ಬರಲಿಲ್ಲ. ಇನ್ನೂ ಜೋರಾಗಿ ಬಡಿದ. ಮತ್ತೆ ನೋಡಿದ. ಅಂಗೈ ಕೆಂಪಾಗಿತ್ತು.

ಅಮ್ಮ ಎದ್ದು ನಿಂತಳು. ಜನ್ಮವಿಡೀ ನನ್ನನ್ನು ಸುಮ್ಮನಿರಿಸಿದ ನನ್ನ ಅಮ್ಮ, ಚರ್ಚಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಆಯ್ತು ದೊರೆ, ಆಮೆನ್."

ಅಣ್ಣನ ಕೈ ನಿಂತಿತು. ಪಾಸ್ಟರ್ ಅವನ ಬಿಳಿ ಶರ್ಟು ನೋಡಿದರು, ಅವನು ಕೂತ ಜಾಗ ನೋಡಿದರು, ಅಮ್ಮ ಎದ್ದ ಕಡೆ ಬೆಂಚಿನ ಬೆನ್ನಿಗಿದ್ದ ಫಲಕ ನೋಡಿದರು. ಬಾಯಿಗೆ ಬಂದಿದ್ದ ಮಾತನ್ನು ನುಂಗಿಕೊಂಡು ಪುಸ್ತಕ ಮುಚ್ಚಿದರು.

ಪೆಟ್ಟಿಗೆ ಎತ್ತಿದ ಮೇಲೆ ಜನ ಹೊರಗೆ ನಡೆದರು. ಗಡಿಯಾರದಂಗಡಿಯವರು ಇಬ್ಬರನ್ನು ಕರೆದು ಬೆಂಚನ್ನು ಹಿಂದಕ್ಕೆ ಹಾಕಲು ಕಣ್ಸನ್ನೆ ಮಾಡುತ್ತಿದ್ದರು. ನಾನು ಬಾಗಿಲಿನಿಂದ ವಾಪಸು ಬಂದು ಬೆಂಚಿನ ಮೇಲೆ ಕೈಯಿಟ್ಟೆ.

"ಮುಟ್ಬೇಡಿ" ಎಂದೆ. "ಭಾನುವಾರ ಒಬ್ರು ಬರೋರಿದಾರೆ."